ತಾಯಣ್ಣನ ಎರಡು ಸಾಲಿನ ಕಳವಿನ ಪದ

ನಮ್ಮ ಅಣ್ಣ ತಾಯಣ್ಣ ಕಳವು, ಕೊಲೆಗಳ ಮೇಲೆ ಪದ ಕಟ್ಟಿ ಹಾಡುತ್ತಿದ್ದ. ಹತ್ತಿಯ ಹಂಗಾಮಿನಲ್ಲಿ ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ ಒತ್ತಿ ಕಟ್ಟಿದ ಹತ್ತಿಯ ಅಂಡಿಗೆ ಹೊರುವುದು, ಹಂಗಾಮು ಮುಗಿದರೆ ಚರ್ಮದ ದಪ್ಪು ಹೆಗಲಿಗೆ ಹಾಕಿಕೊಂಡು ಮಾನ್ವಿ, ದೇವದುರ್ಗದ ಸಂತೆಗಳಿಗೆ ಹೊರಡುವುದು, ಇದು ಅವನ ವರ್ಷ. ಹಿಂದೆ ನಿಂತು ತಾಳ ಹಾಕುವವಳು ನಾನು. ಪದ ಮುಗಿದ ಮೇಲೆ ಜನ ನಮ್ಮ ಜೋಳಿಗೆಗೆ ಜೋಳ ಹಾಕುತ್ತಿದ್ದರು, ಒಣಮೆಣಸಿನಕಾಯಿ ಹಾಕುತ್ತಿದ್ದರು, ಏನೂ ಇಲ್ಲದವರು ಶಹಬಾಸ್ ಅಂದು ಹೋಗುತ್ತಿದ್ದರು.

ಬೇರೆ ಹಾಡುಗಾರರ ಪದದಲ್ಲಿ ರಕ್ತ ಹಳ್ಳವಾಗಿ ಹರಿಯುತ್ತಿತ್ತು. ಒಂದು ಹೆಣ ಬಿದ್ದಲ್ಲಿ ಅವರು ಏಳು ಬೀಳಿಸುತ್ತಿದ್ದರು. ತಾಯಣ್ಣನದು ಹಾಗಲ್ಲ. ಎರಡು ಬಾಯಿಂದ ಕೇಳದ ಮಾತನ್ನು ಅವನು ಪದಕ್ಕೆ ಹಾಕುತ್ತಿರಲಿಲ್ಲ. ಹಾಕಲೇಬೇಕಾಗಿ ಬಂದರೆ ಆ ಸಾಲಿನ ಮಟ್ಟಿಗೆ ದಪ್ಪಿನ ಮೇಲೆ ಎಡ ಅಂಗೈ ಒತ್ತಿಟ್ಟು ಮಂಕಾಗಿ ಬಾರಿಸುತ್ತಿದ್ದ. ಮಂಕು ಪೆಟ್ಟು ಬಿತ್ತೆಂದರೆ, ಇದು ಜನ ಅನ್ನುವ ಮಾತು, ನಾನು ಖಾತ್ರಿ ಮಾಡಿಲ್ಲ ಎಂದು ಅರ್ಥ. ಇದು ಸಂತೆಗೆಲ್ಲ ಗೊತ್ತಿತ್ತು. ಎಮ್ಮೆ ಮಾರುವ ದಲ್ಲಾಳಿ ಹಾಲಿನ ಅಳತೆ ಹೇಳಲು ಶುರುಮಾಡಿದರೆ, ಕೊಳ್ಳುವವನು ದೂರದಿಂದಲೇ ತಾಯಣ್ಣನನ್ನು ಕರೆದು, ಇದಕ್ಕೊಂದು ಮಂಕು ಪೆಟ್ಟು ಹಾಕು ಅನ್ನುತ್ತಿದ್ದ. ತಾಯಣ್ಣ ಹಾಕುತ್ತಲೂ ಇದ್ದ.

ಇನ್ನೊಂದು ಕಟ್ಟಳೆಯನ್ನೂ ಅವನೇ ಮಾಡಿಕೊಂಡಿದ್ದ. ಪದ ಸಂತೆಗೆ ಹೋಗುವ ಮೊದಲು ಕಳಕೊಂಡವರ ಮನೆಯ ಅಂಗಳದಲ್ಲಿ ಹಾಡಬೇಕು. ಅವರಿಗೆ ನೋಯುವ ಸಾಲು ಇದ್ದರೆ ತೆಗೆದುಬಿಡಬೇಕು. ಇಲ್ಲದ್ದನ್ನು ಸೇರಿಸು ಅಂದರೆ ಮಾತ್ರ ಸೇರಿಸಬಾರದು. ಮಟಮಾರಿಯ ವಿರೂಪಣ್ಣನ ಎಮ್ಮೆ ಕಳವಾದಾಗ ಅವನು, ನನ್ನ ಎಮ್ಮೆ ಆನೆಯಂಥದ್ದು ಎಂದು ಹಾಡು ಅಂದ. ತಾಯಣ್ಣ ಓಣಿಯ ಮನೆಮನೆಗೆ ಹೋಗಿ ಎಮ್ಮೆ ಎಷ್ಟು ದೊಡ್ಡದಿತ್ತೆಂದು ಕೇಳಿ ಬಂದ. ಒಬ್ಬರು ಇಷ್ಟಿತ್ತು ಅಂದರು, ಒಬ್ಬರು ಕರುವಿನಷ್ಟಿತ್ತು ಅಂದರು, ಒಬ್ಬಳು ಮುದುಕಿ ಅದು ಎಮ್ಮೆ ಎಂಬುದರ ಮೇಲೇ ಅನುಮಾನಪಟ್ಟಳು. ಕಡೆಗೆ ಸಂತೆಯಲ್ಲಿ "ಎಮ್ಮಿಯಂಥ ಎಮ್ಮಿ ಹೋತು" ಎಂದು ಹಾಡಿದ. ವಿರೂಪಣ್ಣ ಎದೆ ಉಬ್ಬಿಸಿಕೊಂಡು ತಿರುಗಿದ.

ಹಾಗೆಂದು ಎಲ್ಲ ನಗೆಯೇ ಅಲ್ಲ. ಒಮ್ಮೆ ದೇವದುರ್ಗದಲ್ಲಿ ಕೊಲೆಯಾದ ಒಬ್ಬನ ಪದ ಹಾಡುವಾಗ ಜನ ಗಾಯ ಎಷ್ಟು, ಎಲ್ಲೆಲ್ಲಿ ಎಂದು ಕೇಳಿದರು. ಸತ್ತವನ ತಾಯಿ ಅದೇ ಸಂತೆಯ ಆ ತುದಿಯಲ್ಲಿ ಹುಣಸೆಹಣ್ಣು ಮಾರುತ್ತ ಕುಳಿತಿದ್ದಳು. ತಾಯಣ್ಣ ಗಾಯದ ಮಾತು ಬಿಟ್ಟು, ಸತ್ತವನು ಎತ್ತುಗಳನ್ನು ಹೇಗೆ ಮೈತೊಳೆಯುತ್ತಿದ್ದ ಎಂಬುದನ್ನು ಹಾಡಿದ. ಜನ ಎದ್ದು ಪಕ್ಕದ ಹಾಡುಗಾರನ ಹತ್ತಿರ ಹೋದರು. ಅವನು ಎಲ್ಲ ಗಾಯಗಳನ್ನೂ ಹಾಡಿದ. ನಾವು ಅಂದು ಬರಿ ಮೆಣಸಿನಕಾಯಿಯಲ್ಲಿ ಊಟ ಮಾಡಿದೆವು.

ಈಗ ಪೋತ್ನಾಳದ ಕಳವಿನ ಮಾತು ಹೇಳುತ್ತೇನೆ. ದೊಡ್ಡ ಯುದ್ಧ ಇನ್ನೂ ಮುಗಿದಿರಲಿಲ್ಲ, ಸಕ್ಕರೆ, ಸೀಮೆಎಣ್ಣೆ ಸಿಗುವುದೇ ದುಸ್ತರವಾಗಿತ್ತು. ಪೋತ್ನಾಳದಲ್ಲಿ ಚನ್ನಮಲ್ಲಮ್ಮ ಎಂಬ ಅಂಗಡಿಯಾಕೆ ಇದ್ದಳು. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಒಬ್ಬಳೇ ಅಂಗಡಿ ನಡೆಸಿದವಳು. ಬೆಲ್ಲ, ಮೆಣಸಿನಕಾಯಿ, ತುಪ್ಪ ಮಾರುತ್ತಿದ್ದಳು. ಮಾನ್ವಿ ಸಂತೆಯಲ್ಲಿ ಬೇವಿನ ಮರದ ಕೆಳಗಿನ ಜಾಗ ಅವಳದೇ. ಆಳು ದಪ್ಪ, ದನಿ ಅದಕ್ಕಿಂತ ದಪ್ಪ. ಯಾರ ಮನೆಯಲ್ಲಿ ಕಳವಾದರೂ ಕಳಕೊಂಡವರನ್ನೇ ಬೈಯುವುದು ಅವಳ ಪದ್ಧತಿ. ಒನಕೆ ತಗೊಂಡು ಬಡೀಬೇಕಿತ್ತು, ಏನು ಮಾಡುತ್ತಿದ್ದಿರಿ ಅನ್ನುತ್ತಿದ್ದಳು. ತಂಬಾಕು ಮಾರುವ ಹಂಪಣ್ಣನ ಮನೆಗೆ ಕಳ್ಳರು ಬಂದುಹೋದಾಗ, ನಡುಸಂತೆಯಲ್ಲಿ ಅವನ ತಕ್ಕಡಿಯ ಮೇಲೆ ಒಂದು ಡಜನ್ ಬಳೆ ಇಟ್ಟು, ತೊಟ್ಟುಕೋ ಅಂದು ಬಂದಿದ್ದಳು.

ಅಂಥವಳ ಮನೆಗೆ ಎಳ್ಳ ಅಮಾವಾಸ್ಯೆಯ ದಿನ ಹಾಡಹಗಲೇ ಕಳ್ಳ ಬಂದ. ಅಂದು ಊರಿಗೆ ಊರೇ ಭೂಮಿತಾಯಿಗೆ ಎಡೆ ಎರಚಿ ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತದೆ. ಓಣಿಯಲ್ಲಿ ನಾಯಿ ಕೂಡ ಇರುವುದಿಲ್ಲ, ಅದೂ ಊಟಕ್ಕೆ ಹೋಗಿರುತ್ತದೆ. ಚನ್ನಮಲ್ಲಮ್ಮ ಮಾತ್ರ, ಯಾರಾದರೂ ದಾರಿಹೋಕರು ಬೆಲ್ಲ ಕೇಳಲು ಬಂದರೆ ಎಂದು ಮನೆಯಲ್ಲಿ ಉಳಿದಿದ್ದಳು. ಕಳ್ಳ ಹಿತ್ತಲ ಬಾಗಿಲು ಮುರಿದು ಬಂದು, ತುಪ್ಪದ ಗಡಿಗೆ, ಎರಡು ತಾಮ್ರದ ತಂಬಿಗೆ, ಒಂದು ಹೊಸ ಛತ್ರಿ ಒಯ್ದ. ಅಷ್ಟೇ ಹೋದದ್ದು. ಆದರೆ ಅಂದಿನಿಂದ ಅಂಗಡಿಯ ಹಲಗೆ ತೆರೆಯಲಿಲ್ಲ. ಮಾನ್ವಿ ಸಂತೆಯಲ್ಲಿ ಬೇವಿನ ಮರದ ಕೆಳಗೆ ಒಂದು ಕತ್ತೆ ನಿಲ್ಲತೊಡಗಿತು.

ತಾಯಣ್ಣ ಎಂದಿನಂತೆ ವಿಚಾರಿಸಲು ಹೊರಟ, ನಾನೂ ಹೋದೆ. ಚನ್ನಮಲ್ಲಮ್ಮ ಬಾಗಿಲ ಸಂದಿಯಿಂದಲೇ ಮಾತಾಡಿದಳು. ನಾವು ಅಂಗಳದಲ್ಲಿ ಕುಳಿತೆವು. ಕಳ್ಳ ಬಂದ, ಒಯ್ದ, ಹೋದ ಅಂದಳು. ನೀವು ಎಲ್ಲಿದ್ದಿರಿ ಎಂದು ತಾಯಣ್ಣ ಕೇಳಿದ್ದಕ್ಕೆ, ಇಲ್ಲೇ ಇದ್ದೆ ಅಂದಳು. ಇಲ್ಲೇ ಅಂದರೆ ಎಲ್ಲಿ ಅಂದ. ಒಳಗೆ ಅಂದಳು. ಯಾವುದರ ಒಳಗೆ ಅಂದ. ಬಾಗಿಲು ಮುಚ್ಚಿಕೊಂಡಿತು.

ಉಳಿದದ್ದನ್ನು ಹೇಳಿದವಳು ಪಕ್ಕದ ಮನೆಯ ಬಡೇಬೀ. ಕಳ್ಳನ ಕೈಯಲ್ಲಿ ಕೊಡಲಿ ಕಂಡು ಚನ್ನಮಲ್ಲಮ್ಮ ಬೀಸುವ ಕಲ್ಲಿನ ಮೇಲೆ ಹತ್ತಿ ತಟ್ಟಿ ಹೆಣೆದ ಜೋಳದ ಕಣಜದೊಳಗೆ ಇಳಿದುಬಿಟ್ಟಿದ್ದಳು. ಹಳೆ ಜೋಳ ತೀರುತ್ತ ಬಂದು ಕಣಜ ಅರ್ಧ ಖಾಲಿಯಿತ್ತು, ಅದಕ್ಕೇ ಜಾಗವಾಯಿತು. ಆದರೆ ಇಳಿದ ಬಾಯಿಯಿಂದ ಮೇಲೆ ಬರಲು ಆಗಲಿಲ್ಲ. ಹೊಲದಿಂದ ಬಂದ ಬಡೇಬೀ ಕುಡುಗೋಲಿನಿಂದ ಕಣಜದ ಬದಿ ಕೊಯ್ದಳು. ಮೊದಲು ಜೋಳ ಬಂತು, ಆಮೇಲೆ ಚನ್ನಮಲ್ಲಮ್ಮ ಬಂದಳು. ಓಣಿಯಲ್ಲಿ ಯಾರೂ ನಗಲಿಲ್ಲ ಎಂದು ಬಡೇಬೀ ಆಣೆ ಮಾಡಿದಳು, ಆಣೆ ಮಾಡುವಾಗ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಕೆಲವು ದಿನಕ್ಕೆ ಕಳ್ಳ ದೇವದುರ್ಗದಲ್ಲಿ ಸಿಕ್ಕ ಎಂಬ ಸುದ್ದಿ ಬಂತು. ಹೆಸರು ಯಂಕೋಬ. ತುಪ್ಪದ ಗಡಿಗೆ ಸೀಳುಬಿಟ್ಟು ಸೋರುತ್ತಿತ್ತಂತೆ. ಅವನು ಛತ್ರಿ ಬಿಚ್ಚಿಕೊಂಡು ದೊಡ್ಡ ಮನುಷ್ಯನಂತೆ ನಡೆದಿದ್ದಾನೆ, ಹಿಂದೆ ಊರೂರಿನ ನಾಯಿಗಳ ಮೆರವಣಿಗೆ. ದೇವದುರ್ಗ ಮುಟ್ಟುವಷ್ಟರಲ್ಲಿ ಅವನನ್ನು ನೋಡದವರೇ ಇರಲಿಲ್ಲ. ಗಡಿಗೆ ಬಿದ್ದು ಒಡೆದಾಗ ನಾಯಿಗಳೇ ಅವನನ್ನು ನಿಲ್ಲಿಸಿಕೊಂಡವು ಎನ್ನಬೇಕು.

ನಾವು ದೇವದುರ್ಗಕ್ಕೆ ಹೋದೆವು. ಅದಾಲತ್ತಿನ ಕರೆ ಬರುವವರೆಗೆ ಕುತುಬುದ್ದೀನ್ ಎಂಬ ಪೊಲೀಸ್ ಜವಾನ ಅವನನ್ನು ಹುಣಸೆಮರದ ಕೆಳಗೆ ಕೂರಿಸಿಕೊಂಡಿದ್ದ. ಮಾತಾಡಿಸಬಹುದೇ ಎಂದು ತಾಯಣ್ಣ ಕೈಮುಗಿದು ಕೇಳಿದ. ಕುತುಬುದ್ದೀನನಿಗೂ ಬೇಸರವಾಗಿತ್ತು, ಕೇಳು ಅಂದ. ಕಳ್ಳನಿಗೂ ಪದದ ಮೇಲೆ ತಕರಾರುಗಳಿದ್ದವು. ಕೊಡಲಿ ಹಿಡಿದು ಬಂದ ಎಂದು ಹಾಡಬೇಡ, ಅದು ಕಟ್ಟಿಗೆ ಕಡಿಯುವ ಕೊಡಲಿ ಅಂದ. ಯಾರ ಹೊಲದ ಕಟ್ಟಿಗೆ ಎಂದು ಕುತುಬುದ್ದೀನ್ ಕೇಳಿದ. ಯಂಕೋಬ ಆ ಮಾತು ಬಿಟ್ಟು, ನನ್ನ ಮೀಸೆಯ ವಿಷಯ ಚೆನ್ನಾಗಿ ಹಾಕು ಅಂದ. ಆಮೇಲೆ ಆ ಮನೆಯಾಕೆಯ ಬಗ್ಗೆ ಕೇಳಿದಾಗ ಅವನ ಮುಖ ಅರಳಿತು.

"ದೇವರಂಥ ಹೆಣ್ಮಗಳು, ಯಣ್ಣಾ," ಅಂದ. "ಕಣಜದಾಗ ಸೀನಿದಂಗಾತು. ನಾ ಅಂಜಿಬಿಟ್ಟೆ. ಬಾಯಿಗೆ ಬಂದಿದ್ದು ಕೇಳಿದೆ, ಯವ್ವಾ, ತುಪ್ಪ ಎಲ್ಲದ ಅಂತ. ಒಳಗಿಂದ ಹೇಳಿದ್ಲು, ಬಲಕಿನ ನೆಲುವಿನ ಮ್ಯಾಲ ಅದ, ಬಾಗಲಾ ಗಿಡ್ಡದ, ತಲಿ ಜ್ವಾಕಿ ಅಂತ."

ಕುತುಬುದ್ದೀನ್ ನಗುತ್ತ ಹುಣಸೆಮರಕ್ಕೆ ಒರಗಿಬಿಟ್ಟ. ತಾಯಣ್ಣ ನಗಲಿಲ್ಲ. ಅವನು ಲೆಕ್ಕ ಹಾಕುತ್ತಿದ್ದದ್ದು ನನಗೆ ಗೊತ್ತಾಯಿತು. ಇದು ಒಂದು ಬಾಯಿ, ಇನ್ನೊಂದು ಬಾಯಿ ಬೇಕು. ಆ ಇನ್ನೊಂದು ಬಾಯಿ ಪೋತ್ನಾಳದಲ್ಲಿ ಹಲಗೆ ಹಾಕಿಕೊಂಡು ಕುಳಿತಿತ್ತು.

ಮತ್ತೆ ಪೋತ್ನಾಳಕ್ಕೆ ನಡೆದೆವು. ತಾಯಣ್ಣ ಅಂಗಳದಲ್ಲಿ ಕುಳಿತು ಕಳ್ಳ ಹೇಳಿದ್ದನ್ನು ಇದ್ದಂತೆ ಹೇಳಿ, ಖರೆಯೋ ಸುಳ್ಳೋ ಎಂದು ಕೇಳಿದ. ಬಾಗಿಲು ತುಸು ತೆರೆಯಿತು. ಅಷ್ಟು ದೊಡ್ಡ ಹೆಂಗಸು ಬಾಗಿಲ ಹಿಂದೆ ಸಣ್ಣವಳಾಗಿ ನಿಂತಿದ್ದಳು.

"ಇಪ್ಪತ್ತು ವರ್ಷ ಅಂಗಡ್ಯಾಗ ಕುಂತೀನಿ, ತಾಯಣ್ಣ," ಅಂದಳು. "ಯಾರರ ಬಂದು ಕೇಳಿದ್ರ ಎಲ್ಲದ ಅಂತ ಹೇಳೋದ ರೂಢಿ. ಜೀವ ಕಣಜದಾಗ ನಡಗಾಕತ್ತಿತ್ತು, ಬಾಯಿ ಯಾಪಾರ ಮಾಡಿಬಿಡ್ತು. ಇದೊಂದು ಹಾಡಬ್ಯಾಡ. ಹಾಡಿದ್ರ ನಾ ಸಂತಿಗೆ ಬರಂಗಿಲ್ಲ, ಸತ್ತ್ರೂ ಬರಂಗಿಲ್ಲ."

ತಾಯಣ್ಣ ಆಗಲಿ ಅಂದ. ಅದು ಅವನ ಕಟ್ಟಳೆ. ಅವನ ಜೀವಮಾನದಲ್ಲೇ ಸಿಕ್ಕ ಅತಿ ಒಳ್ಳೆಯ ಸಾಲು ಅದು, ಹಾಡಿದ್ದರೆ ಸಂತೆ ನಕ್ಕು ಬಿದ್ದು ಹೊರಳಾಡುತ್ತಿತ್ತು. ಅವನು ಅದನ್ನು ತೆಗೆದುಹಾಕಿದ. ಆಮೇಲೆ ಅವಳು ಕಣಜವೂ ಬೇಡ ಅಂದಳು. ಕಣಜ ತೆಗೆದ. ಕಣಜ ಹೋದರೆ ಬಡೇಬೀಯ ಕುಡುಗೋಲು ಸುಮ್ಮನೆ ಗಾಳಿಯಲ್ಲಿ ತಿರುಗಬೇಕಾಗುತ್ತದೆ, ಅದನ್ನೂ ತೆಗೆದ. ಊರ ಹೆಸರು ಬೇಡ ಅಂದಳು. ಅಂಗಡಿ ಅಂದರೆ ಗುರುತು ಸಿಗುತ್ತದೆ, ಬೇಡ ಅಂದಳು. ತುಪ್ಪ ಅಂದರೂ ಗುರುತೇ ಅಂದಳು. ಕಳ್ಳನ ಮೀಸೆಯನ್ನಾದರೂ ಉಳಿಸೋಣವೇ ಎಂದು ತಾಯಣ್ಣ ಕೇಳಿದ. ನಾ ನೋಡಿಲ್ಲ ಅಂದಳು. ಒಂದೇ ಬಾಯಾಯಿತು, ಮೀಸೆಯೂ ಹೋಯಿತು. ಉಳಿದದ್ದು ಇಷ್ಟು:

ಕೇಳ್ರಪ್ಪ ಜನರೆಲ್ಲ, ಊರಾಗೊಂದು ಕಳವಾತು,
ಕಳ್ಳ ಸಿಕ್ಕ, ಗಡಿಗಿ ಒಡೀತು, ಹಾಡು ಇಲ್ಲಿಗೆ ಮುಗದ್ಹೋತು.

ಮುಂದಿನ ಮಾನ್ವಿ ಸಂತೆಯಲ್ಲಿ ತಾಯಣ್ಣ ಪೋತ್ನಾಳದ ಪದ ಹಾಡುತ್ತಾನೆಂದು ಜನ ಮುಂಚೆಯೇ ಬಂದು ಕುಳಿತಿದ್ದರು. ತಾಯಣ್ಣ ದಪ್ಪು ಬೆಂಕಿಗೆ ಕಾಯಿಸಿದ, ಗಂಟಲು ಸರಿಮಾಡಿಕೊಂಡ, ಎರಡು ಸಾಲು ಹಾಡಿದ, ಕುಳಿತ. ನಾನು ತಾಳ ಎತ್ತುವಷ್ಟರಲ್ಲಿ ಮುಗಿದಿತ್ತು. ಜನ ಕಾದರು. ಮಂಕು ಪೆಟ್ಟಾದರೂ ಬಂದೀತೆಂದು ಕಾದರು. ಅದೂ ಬರಲಿಲ್ಲ. ಜೋಳಿಗೆಗೆ ಯಾರೋ ಒಬ್ಬ ಅರ್ಧ ಮೆಣಸಿನಕಾಯಿ ಹಾಕಿದ, ಇನ್ನರ್ಧ ಉಳಿದ ಹಾಡು ಹಾಡಿದಾಗ ಹಾಕುತ್ತೇನೆಂದು ಕಿವಿಯ ಮೇಲೆ ಸಿಕ್ಕಿಸಿಕೊಂಡ.

ಇಲ್ಲಿಯೇ ಎಡವಟ್ಟಾದದ್ದು. ಬೇರೆ ಹಾಡುಗಾರ ಹೀಗೆ ಮಾಡಿದ್ದರೆ ಜನ ಬೈದು ಎದ್ದು ಹೋಗುತ್ತಿದ್ದರು. ಆದರೆ ತಾಯಣ್ಣ ಸುಳ್ಳು ಹೇಳುವವನಲ್ಲ, ನೊಂದವರ ಮಾತು ಮುಚ್ಚುವವನು ಎಂಬುದು ಎಲ್ಲರಿಗೂ ಗೊತ್ತು. ಇಷ್ಟೊಂದು ಮುಚ್ಚಿದ್ದಾನೆ ಅಂದರೆ ಒಳಗೆ ಎಂಥದೋ ಇರಬೇಕು ಎಂದು ಜನ ತಾವೇ ಪದ ಕಟ್ಟಲು ಕುಳಿತರು. ಮೊದಲು ಬಾಯಿ ತೆರೆದವನು ತಂಬಾಕಿನ ಹಂಪಣ್ಣ. ಬಳೆಯ ಸಂಕಟ ಅವನಿಗೆ ಇನ್ನೂ ಇತ್ತು. ಕಣಜದ ಮಾತು ಅವನ ಕಿವಿಗೆ ಹೇಗೋ ಬಿದ್ದಿತ್ತು. ಕಣಜದಲ್ಲಿ ಆಕೆ ಒಬ್ಬಳೇ ಇರಲಿಲ್ಲವಂತೆ ಅಂದ. ಅಷ್ಟು ಸಾಕಾಯಿತು. ಬೆಲ್ಲದ ಸಾಲಿನಲ್ಲಿ ಅದು, ಕಳ್ಳ ಅವಳಿಗೆ ಮೊದಲು ಗೊತ್ತು ಮಾಡಿದ್ದ ಗಂಡು ಎಂದಾಯಿತು. ಕುಂಬಾರರ ಸಾಲಿನಲ್ಲಿ ಇಬ್ಬರೂ ಎಳ್ಳು ಹೋಳಿಗೆ ತಿಂದು ಆಮೇಲೆ ಕಳವು ಮಾಡಿದರು ಎಂದಾಯಿತು. ನಾಯಿಗಳನ್ನು ಅವಳೇ ಸಾಕಿ ಕಳಿಸಿದ್ದಳು ಎಂಬವರೂ ಇದ್ದರು. ಸಂತೆ ಮುರಿಯುವ ಹೊತ್ತಿಗೆ ಒಂಟಿ ಹೆಂಗಸಿನ ಮೇಲೆ ಏನೇನು ಅನ್ನಬಹುದೋ ಅಷ್ಟೂ ಅಂದಾಗಿತ್ತು.

ತಾಯಣ್ಣ ಅಡ್ಡ ಹೋಗಿ, ಸುಳ್ಳು, ಎಲ್ಲ ಸುಳ್ಳು ಅಂದ. ಹಾಗಾದರೆ ನಿಜ ಯಾವುದು ಅಂದರು. ಹೇಳಲಾರೆ ಅಂದ. ಹಾಂ, ನೋಡಿದಿರಾ ಅಂದರು. ಅವನು ಸುಮ್ಮನಿದ್ದರೂ ಪದ ಬೆಳೆಯಿತು, ಮಾತಾಡಿದರೂ ಬೆಳೆಯಿತು. ರಾತ್ರಿ ರೊಟ್ಟಿ ಮುರಿಯದೆ ಕುಳಿತು ನನ್ನನ್ನು ಕೇಳಿದ:

"ಗೋಪಮ್ಮ, ನಾ ಏನ ತಗದೆ? ನಗಿಯೊಂದು ತಗದೆ. ಆ ಜಾಗದಾಗ ಹೊಲಸು ಬಂದು ಕುಂತತಲ್ಲ."

ರೊಟ್ಟಿ ಆರುತ್ತದೆ ಉಣ್ಣು ಅಂದೆ. ಆಗಲಿ ಅಂದದ್ದು ಅವನ ಬಾಯಿ, ಅದನ್ನು ಅವಳನ್ನು ಕೇಳದೆ ಹಿಂದೆ ತೆಗೆದುಕೊಳ್ಳುವಂತಿಲ್ಲ. ಪೋತ್ನಾಳಕ್ಕೆ ಹೋಗಿ ಹೇಳಲು ಅವನಿಗೆ ಮೋರೆ ಇರಲಿಲ್ಲ. ಹೇಳುವ ಕೆಲಸ ಬಡೇಬೀ ಮಾಡಿದಳು. ಅವಳು ಸಂತೆಯಲ್ಲಿ ಕೇಳಿದ್ದನ್ನೆಲ್ಲ ಎಳ್ಳು ಹೋಳಿಗೆ ಸಹಿತ ಒಯ್ದು ಒಪ್ಪಿಸಿದಳಂತೆ. ಚನ್ನಮಲ್ಲಮ್ಮ ಎಲ್ಲ ಕೇಳಿ, ಹೋಳಿಗೆಯಲ್ಲಿ ಬೆಲ್ಲ ಯಾರ ಅಂಗಡಿಯದಂತೆ ಎಂದಷ್ಟೇ ಕೇಳಿ ಒಳಗೆ ಹೋದಳಂತೆ.

ಅದರ ಮುಂದಿನ ಸಂತೆಯಲ್ಲಿ ನಾವು ಬೇರೊಂದು ಪದ ಹಾಡುತ್ತಿದ್ದೆವು, ಒಬ್ಬರ ಬಾವಿಯ ಹಗ್ಗ ಕಳವಾದದ್ದು. ಒಂದು ಬಂಡಿ ಬಂದು ನಿಂತಿತು. ಚನ್ನಮಲ್ಲಮ್ಮ ಇಳಿದಳು, ಹಿಂದೆ ಬಡೇಬೀ. ಜನ ದಾರಿ ಬಿಟ್ಟರು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ನಮ್ಮತ್ತ ಬಂದಳು. ತಾಯಣ್ಣನ ಎದುರಿಗೆ ನಿಂತು, ಪೋತ್ನಾಳದ ಪದ ಪೂರಾ ಹಾಡು ಅಂದಳು.

"ಯವ್ವಾ, ನೀವ ತಗಿ ಅಂದಿದ್ರಿ."

"ಈಗ ಹಾಕು ಅಂತೀನಿ. ನೀ ಬಿಟ್ಟ ಖಾಲಿ ಜಾಗದಾಗ ಊರ ಮಂದಿ ಬಂದು ಸಂಸಾರ ಹೂಡ್ಯಾರ."

ತಾಯಣ್ಣ ದಪ್ಪು ಎತ್ತಿ, ರೂಢಿಯಂತೆ ದೇವರ ಸ್ತುತಿ ಶುರುಮಾಡಿದ. ಗಣಪತಿ ಆದ ಮೇಲೆ ಶಾರದೆ, ಆಮೇಲೆ ಊರ ದೇವರು, ಆಮೇಲೆ ಗುರು. ಚನ್ನಮಲ್ಲಮ್ಮನಿಗೆ ತಾಳ್ಮೆ ಎಲ್ಲಿಂದ ಬರಬೇಕು. ಶಾರದೆ ಮುಗಿಯುವ ಮೊದಲೇ ಅವನ ದಪ್ಪಿನ ಮೇಲೆ ಕೈಯಿಟ್ಟು ತಾನೇ ಹೇಳಲು ನಿಂತಳು. ಕೊಡಲಿ ಕಂಡು ಜೀವ ಹಾರಿದ್ದು, ಬೀಸುವ ಕಲ್ಲು ಹತ್ತಿದ್ದು, ಕಣಜದಲ್ಲಿ ಇಳಿದದ್ದು, ಮೂಗಿಗೆ ದೂಳು ಹೋಗಿ ಸೀನಿದ್ದು. ಕಳ್ಳ ತುಪ್ಪ ಎಲ್ಲಿದೆ ಎಂದು ಕೇಳಿದ್ದು, ತಾನು ಹೇಳಿದ್ದು. ಬಾಗಿಲು ಗಿಡ್ಡ, ತಲೆ ಜೋಕೆ ಅಂದದ್ದನ್ನೂ ಬಿಡಲಿಲ್ಲ. ಕುಡುಗೋಲಿನ ಭಾಗ ಬಂದಾಗ ಬಡೇಬೀಯನ್ನು ಮುಂದೆ ತಳ್ಳಿ, ನೀ ಹೇಳು ಅಂದಳು. ಮೊದಲು ಜೋಳ ಬಂತು ಎಂದು ಬಡೇಬೀ ಹೇಳಿದಳು.

ಸಂತೆ ನಕ್ಕಿತು. ಅಂಥ ನಗೆಯನ್ನು ನಾನು ಆಮೇಲೆ ಕೇಳಿಲ್ಲ. ಕುಂಬಾರನೊಬ್ಬ ನಗುತ್ತ ತನ್ನದೇ ಕುಡಿಕೆಯ ಮೇಲೆ ಕುಳಿತುಬಿಟ್ಟ. ಚನ್ನಮಲ್ಲಮ್ಮ ಕಣ್ಣು ಕೆಳಗೆ ಹಾಕಲಿಲ್ಲ, ನಗೆ ಮುಗಿಯುವವರೆಗೆ ಮಳೆ ನಿಲ್ಲಲಿ ಎಂದು ಕಾಯುವವರ ಹಾಗೆ ನಿಂತಿದ್ದಳು. ಆಮೇಲೆ ಹಂಪಣ್ಣನ ಕಡೆ ತಿರುಗಿದಳು.

"ಕಣಜದಾಗ ನಾ ಒಬ್ಬಾಕೇ ಇದ್ದೆ, ಹಂಪಣ್ಣ. ಇನ್ನೊಬ್ಬರಿಗೆ ಜಾಗ ಇತ್ತೇನು ಅನ್ನೋದು ನನ್ನ ನೋಡಿ ನೀನ ಹೇಳು."

ಹಂಪಣ್ಣ ನೋಡಿದ. ಸಂತೆಯೂ ನೋಡಿತು. ಇರಲಿಲ್ಲ ಎಂದು ಒಪ್ಪಿಕೊಂಡ.

"ನಿನಗ ಬಳಿ ಕೊಟ್ಟಿದ್ದು ನನ್ನ ತಪ್ಪು," ಅಂದಳು. "ಅಂಜಿಕಿ ಏನಂತ ಅವತ್ತು ನನಗ ಗೊತ್ತಿದ್ದಿಲ್ಲ."

ಹಂಪಣ್ಣ ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟ. ಕಳ್ಳರನ್ನು ಹಳ್ಳದವರೆಗೆ ಅಟ್ಟಿಸಿಕೊಂಡು ಹೋಗಿದ್ದೆ ಎಂದು ಅವನು ಎಲ್ಲರಿಗೂ ಹೇಳಿಕೊಂಡು ಬಂದಿದ್ದ.

"ನಾನೂ ಅಟ್ಟಿಸಿಕೊಂಡು ಹೋಗಿದ್ದಿಲ್ಲ," ಅಂದ. "ಮನ್ಯಾಗ ಯಾರರ ಎಚ್ಚರ ಅದಾರೇನು ಅಂತ ಕಳ್ಳರು ತಮ್ಮ ತಮ್ಮಾಗ ಮಾತಾಡಾಕತ್ತಿದ್ರು. ಇಲ್ಲ, ಎಲ್ಲಾರೂ ಮಲಗ್ಯಾರ ಅಂತ ನಾನ ಹೇಳಿದೆ."

ಅಲ್ಲಿಗೆ ಸಂತೆಯ ಕಟ್ಟು ಹರಿಯಿತು. ಒಬ್ಬ ತಾನು ಮಂಚದ ಕೆಳಗೆ ನಾಯಿಯಂತೆ ಬೊಗಳಿದೆ, ಹೊರಗಿದ್ದ ನಿಜವಾದ ನಾಯಿ ಓಡಿಹೋಯಿತು ಅಂದ. ಒಬ್ಬಳು ಕಳ್ಳನಿಗೆ ಕೂಡ್ರಿ ಅಂದಿದ್ದಳಂತೆ. ಒಬ್ಬ ಮುದುಕ, ತನ್ನ ಮನೆಗೆ ಕಳ್ಳ ಬಂದೇ ಇಲ್ಲ ಎಂದು ನಾಚಿಕೊಂಡ. ತಾಯಣ್ಣ ನಡುವೆ ನಿಂತು, ಒಬ್ಬೊಬ್ಬರೇ ಹೇಳಿ, ಕಂಡವರು ಇನ್ನೊಬ್ಬರು ಯಾರಿದ್ದರು ಹೇಳಿ ಎಂದು ಎರಡೂ ಕೈ ಎತ್ತಿ ಕೇಳಿಕೊಳ್ಳುತ್ತಿದ್ದ. ಯಾರೂ ಕೇಳಲಿಲ್ಲ. ಬಾವಿಯ ಹಗ್ಗದ ಪದ ಅರ್ಧಕ್ಕೇ ನಿಂತಿತು, ಜೋಳಿಗೆ ನೆಲದ ಮೇಲೆ ಬಾಯಿ ತೆರೆದುಕೊಂಡೇ ಬಿದ್ದಿತ್ತು.

ಚನ್ನಮಲ್ಲಮ್ಮ ಗದ್ದಲದಿಂದ ಹೊರಗೆ ಬಂದಳು. ಬಂಡಿಯಿಂದ ಬೆಲ್ಲದ ಚೀಲ, ತಕ್ಕಡಿ ಇಳಿಸಿಕೊಂಡಳು. ಬರುವಾಗಲೇ ಹೇರಿಕೊಂಡು ಬಂದಿದ್ದಳು ಎಂಬುದನ್ನು ನಾನು ಆಗ ಗಮನಿಸಿದೆ. ಬೇವಿನ ಮರದ ಕೆಳಗೆ ಹೋಗಿ ಕತ್ತೆಯ ಬೆನ್ನಿಗೆ ಒಂದು ಏಟು ಕೊಟ್ಟು ಅಟ್ಟಿದಳು. ನೆಲ ಗುಡಿಸಿ ಗೋಣಿ ಹಾಸಿ ಕುಳಿತಳು. ಮೊದಲ ಗಿರಾಕಿಯ ಜೊತೆ ಬೆಲೆಗೆ ಜಗಳ ಶುರುವಾದದ್ದು ನಮಗೆ ಇಲ್ಲಿಯವರೆಗೆ ಕೇಳಿಸಿತು.